ಫೋಟೋ ಎಫೆಕ್ಟನ್ನು ವಿಡಿಯೊಗೆ ಹಾಕುವ ಬಗೆ: ಫ್ರೇಮ್ ಬಿಡಿಸಿ, ತಿದ್ದಿ, ಮತ್ತೆ ಜೋಡಿಸುವ ಕ್ರಮ

ಒಂದು ಫೋಟೋವನ್ನು ತೈಲವರ್ಣದ ಚಿತ್ರದಂತೆಯೋ ಪೆನ್ಸಿಲ್ ರೇಖೆಯಂತೆಯೋ ಮಾಡಿ ನೋಡಿದವರು ಆಮೇಲೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಇದನ್ನು ವಿಡಿಯೊಗೂ ಮಾಡಲು ಬರುತ್ತದೆಯೆ? ಬರುತ್ತದೆ. ವಿಡಿಯೊ ಎಂದರೆ ಒಂದರ ಹಿಂದೊಂದು ಬೇಗಬೇಗನೆ ಸರಿಯುವ ಸ್ಥಿರಚಿತ್ರಗಳ ಸಾಲು. ಆ ಒಂದೊಂದು ಚಿತ್ರವನ್ನೂ ಫ್ರೇಮ್ ಎನ್ನುತ್ತಾರೆ. ವಿಡಿಯೊವನ್ನು ಫ್ರೇಮ್‌ಗಳಾಗಿ ಬಿಡಿಸಿ, ಫೋಟೋ ತಿದ್ದುವ ತಂತ್ರಾಂಶದಲ್ಲಿ ಎಲ್ಲಕ್ಕೂ ಒಂದೇ ಎಫೆಕ್ಟ್ ಹಾಕಿ, ಮರಳಿ ಜೋಡಿಸಿದರೆ ಕೆಲಸ ಮುಗಿಯಿತು. ಬಿಡಿಸುವುದೂ ಜೋಡಿಸುವುದೂ ಒಂದು ಸಂಜೆಯಲ್ಲಿ ಕಲಿಯುವಂಥವು. ಕಷ್ಟವಿರುವುದು ಇವೆರಡರ ನಡುವೆ. ಒಂಟಿ ಫೋಟೋದಲ್ಲಿ ಸೊಗಸಾಗಿ ಕಂಡ ಎಫೆಕ್ಟ್, ಸೆಕೆಂಡಿಗೆ 25 ಚಿತ್ರಗಳಾಗಿ ಓಡತೊಡಗಿದ ಕೂಡಲೇ ಮಿಣಮಿಣನೆ ನಡುಗುತ್ತದೆ. ಇದಕ್ಕೆ ಫ್ಲಿಕರ್ ಎಂದು ಹೆಸರು. ಈ ಲೇಖನದ ಬಹುಪಾಲು ಆ ಮಿಣುಕನ್ನು ತಡೆಯುವುದರ ಬಗ್ಗೆಯೇ ಇದೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ರಾತ್ರಿಯ ಯಕ್ಷಗಾನದಲ್ಲಿ ಫೋನಿನಿಂದ ತೆಗೆದ, ಕಿರೀಟ ಕಟ್ಟಿದ ವೇಷಧಾರಿ ರಂಗದ ಮೇಲೆ ಸುತ್ತುಹಾಕುವ 10 ಸೆಕೆಂಡಿನ ತುಣುಕು. ಅದು ತೈಲಚಿತ್ರವೇ ಎದ್ದು ಕುಣಿದಂತೆ ಕಾಣಬೇಕು. ಕಷ್ಟದ ಉದಾಹರಣೆಯನ್ನು ಬೇಕೆಂದೇ ಆರಿಸಿದ್ದೇನೆ. ಕತ್ತಲ ಹಿನ್ನೆಲೆ, ಕೃತಕ ಬೆಳಕು, ಭುಜಕೀರ್ತಿಯ ಮಿಂಚು, ಬಿಡುವಿಲ್ಲದ ಚಲನೆ ಎಲ್ಲವೂ ಇದರಲ್ಲಿವೆ; ಇದು ಸರಿಯಾಗಿ ಬಂದರೆ ಹಗಲು ಬೆಳಕಿನ ತುಣುಕುಗಳು ಸುಲಭವಾಗಿಯೇ ಬರುತ್ತವೆ.

ಮೊದಲು ನೋಡಬೇಕಾದದ್ದು: ಈ ದಾರಿ ನಿಮಗೆ ನಿಜಕ್ಕೂ ಬೇಕೆ?

ನಿಮ್ಮ ಎಫೆಕ್ಟ್ ಬರೀ ಬಣ್ಣ ಮತ್ತು ಬೆಳಕಿಗೆ ಸಂಬಂಧಿಸಿದ್ದಾದರೆ, ಅಂದರೆ ಕಪ್ಪುಬಿಳುಪು, ಸೀಪಿಯಾ, ಹಳೆಯ ಫಿಲ್ಮಿನ ಬಣ್ಣ ಇಂಥದ್ದಾದರೆ, ಫ್ರೇಮ್ ಬಿಡಿಸುವ ಶ್ರಮವೇ ಬೇಡ. ಫೋಟೋಶಾಪ್‌ನಲ್ಲಿ ಒಂದು ಫ್ರೇಮನ್ನು ತೆರೆದು, ಅಡ್ಜಸ್ಟ್‌ಮೆಂಟ್ ಲೇಯರ್‌ಗಳಿಂದ ಬೇಕಾದ ಬಣ್ಣ ಕಟ್ಟಿ, ‘ಫೈಲ್’ ಮೆನುವಿನ ‘ಎಕ್ಸ್‌ಪೋರ್ಟ್’ ಒಳಗಿರುವ ‘ಕಲರ್ ಲುಕಪ್ ಟೇಬಲ್ಸ್’ ಮೂಲಕ ಕ್ಯೂಬ್ ಎಂಬ ಬಗೆಯ ಫೈಲನ್ನು ಪಡೆಯಿರಿ. ಇದನ್ನು ಲಟ್ ಎನ್ನುತ್ತಾರೆ; ಈ ಬಣ್ಣ ಬಂದರೆ ಅದನ್ನು ಆ ಬಣ್ಣಕ್ಕೆ ಬದಲಿಸು ಎಂದು ಹೇಳುವ ಒಂದು ಪಟ್ಟಿ ಅದು. ಡಾವಿಂಚಿ ರಿಸಾಲ್ವ್, ಕೆಡೆನ್‌ಲೈವ್ ಮುಂತಾದ ವಿಡಿಯೊ ತಂತ್ರಾಂಶಗಳು ಅದನ್ನು ನೇರವಾಗಿ ಓದಿ ಇಡೀ ವಿಡಿಯೊಗೆ ಅನ್ವಯಿಸುತ್ತವೆ. ಮಿಣುಕಿನ ಭಯವೂ ಇಲ್ಲ.

ಫೋಟೋಶಾಪ್ ಇರುವವರಿಗೆ ಇನ್ನೊಂದು ಅಡ್ಡದಾರಿ ಇದೆ. ವಿಡಿಯೊವನ್ನು ಅದರಲ್ಲೇ ತೆರೆದು, ‘ಫಿಲ್ಟರ್’ ಮೆನುವಿನಲ್ಲಿ ಮೊದಲು ‘ಕನ್ವರ್ಟ್ ಫಾರ್ ಸ್ಮಾರ್ಟ್ ಫಿಲ್ಟರ್ಸ್’ ಒತ್ತಿ, ಆಮೇಲೆ ಫಿಲ್ಟರ್ ಹಾಕಿದರೆ ಅದು ಎಲ್ಲ ಫ್ರೇಮ್‌ಗಳಿಗೂ ಹತ್ತುತ್ತದೆ. ಈ ಮೊದಲ ಹೆಜ್ಜೆಯನ್ನು ಬಿಟ್ಟರೆ ಪರದೆಯ ಮೇಲಿರುವ ಒಂದು ಫ್ರೇಮಿಗೆ ಮಾತ್ರ ಹತ್ತುತ್ತದೆ. ‘ಎಫೆಕ್ಟ್ ಕ್ಷಣಮಾತ್ರ ಮಿಂಚಿ ಮಾಯವಾಯಿತು’ ಎನ್ನುವವರ ತೊಂದರೆಗೆ ಸಾಮಾನ್ಯವಾಗಿ ಇದೇ ಕಾರಣ. ಚಿಕ್ಕ ತುಣುಕಿಗೆ ಈ ದಾರಿ ಸಾಕು. ಆದರೆ ನಡುವೆ ಗಣಕ ನಿಂತುಹೋದರೆ ಮೊದಲಿನಿಂದ ಶುರುಮಾಡಬೇಕು, ಕೆಟ್ಟ ಹತ್ತು ಫ್ರೇಮ್‌ಗಳನ್ನಷ್ಟೇ ಮತ್ತೆ ಮಾಡಲು ಬರುವುದಿಲ್ಲ. ಆದುದರಿಂದ ಅರ್ಧ ನಿಮಿಷಕ್ಕಿಂತ ಉದ್ದದ ಕೆಲಸಕ್ಕೆ ಬಿಡಿಸಿ ಜೋಡಿಸುವ ಕ್ರಮವನ್ನೇ ನಾನು ಸೂಚಿಸುತ್ತೇನೆ.

ಬೇಕಾಗುವ ಸಾಮಗ್ರಿ

ಬಿಡಿಸಲು ಮತ್ತು ಜೋಡಿಸಲು ಬ್ಲೆಂಡರ್ ಬಳಸೋಣ. ಅದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಮತ್ತು ಅದರೊಳಗೊಂದು ಪೂರ್ಣ ವಿಡಿಯೊ ಸಂಪಾದಕವಿದೆ. ಎಫೆಕ್ಟ್ ಹಾಕಲು ಫೋಟೋಶಾಪ್. ಅದಿಲ್ಲದಿದ್ದರೆ ಜಿಂಪ್ ಅಥವಾ ಎಕ್ಸ್‌ಎನ್‌ಕನ್ವರ್ಟ್. ಇವುಗಳ ಜೊತೆಗೆ ಹ್ಯಾಂಡ್‌ಬ್ರೇಕ್ ಮತ್ತು ಮೀಡಿಯಾಇನ್ಫೊ ಎಂಬ ಎರಡು ಚಿಕ್ಕ ಉಚಿತ ತಂತ್ರಾಂಶಗಳು. ಮೆನುಗಳ ಹೆಸರು ಆವೃತ್ತಿಯಿಂದ ಆವೃತ್ತಿಗೆ ತುಸು ಬದಲಾಗುತ್ತದೆ ಎಂಬುದು ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ ಡಿಸ್ಕಿನಲ್ಲಿ ಜಾಗ ಬೇಕು. ಅಗಲ 1920, ಎತ್ತರ 1080 ಪಿಕ್ಸೆಲ್ ಇರುವ ಒಂದು ಫ್ರೇಮನ್ನು ಏನೂ ಅದುಮದೆ ಉಳಿಸಿದರೆ ಸುಮಾರು 6.2 ಎಂಬಿ ಆಗುತ್ತದೆ. ಸೆಕೆಂಡಿಗೆ 25 ಫ್ರೇಮಿನಂತೆ 10 ಸೆಕೆಂಡಿಗೆ 250 ಫ್ರೇಮ್, ಅಂದರೆ ಒಂದೂವರೆ ಜಿಬಿ. ನಾಲ್ಕು ನಿಮಿಷದ ಹಾಡಾದರೆ 6000 ಫ್ರೇಮ್, 37 ಜಿಬಿ. ತಿದ್ದಿದ ಪ್ರತಿಯೂ ಸೇರಿದರೆ ಅದರ ಎರಡರಷ್ಟು. ಗುಣ ಕೆಡಿಸದೆ ಅದುಮುವ ಪಿಎನ್‌ಜಿ ರೂಪದಲ್ಲಿ ಉಳಿಸಿದರೆ ಇದಕ್ಕಿಂತ ಕಡಿಮೆಯಾಗುತ್ತದೆ, ಆದರೆ ಲೆಕ್ಕವನ್ನು ದೊಡ್ಡದರ ಮೇಲೆಯೇ ಹಾಕಿಕೊಳ್ಳಿ. ಹೊತ್ತಿನ ಲೆಕ್ಕವೂ ಹಾಗೆಯೇ: ಫ್ರೇಮಿಗೆ 5 ಸೆಕೆಂಡ್ ಹಿಡಿಯುವ ಎಫೆಕ್ಟ್ 250 ಫ್ರೇಮಿಗೆ ಇಪ್ಪತ್ತೊಂದು ನಿಮಿಷ ತೆಗೆದುಕೊಂಡರೆ, 6000 ಫ್ರೇಮಿಗೆ ಎಂಟು ಗಂಟೆ ದಾಟುತ್ತದೆ.

ಹಂತ 1: ತುಣುಕನ್ನು ಸಿದ್ಧಮಾಡಿಕೊಳ್ಳಿ

ಚಿತ್ರೀಕರಣ ಇನ್ನೂ ಆಗಿಲ್ಲವಾದರೆ ನೀವು ಅದೃಷ್ಟವಂತರು, ಏಕೆಂದರೆ ಅರ್ಧ ಮಿಣುಕನ್ನು ಅಲ್ಲಿಯೇ ತಡೆಯಬಹುದು. ನಮ್ಮ ದೇಶದ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು. ಅದರಿಂದ ಉರಿಯುವ ಅನೇಕ ದೀಪಗಳು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಫೋನು ಸೆಕೆಂಡಿಗೆ 30 ಫ್ರೇಮಿನಲ್ಲಿ ಹಿಡಿದರೆ ಈ ಏರಿಳಿತಕ್ಕೂ ಫ್ರೇಮಿಗೂ ತಾಳ ತಪ್ಪಿ, ಬೆಳಕಿನ ಪಟ್ಟೆಗಳು ತೇಲುತ್ತವೆ. ಕ್ಯಾಮೆರಾದಲ್ಲಿ 25 ಫ್ರೇಮ್ ಮತ್ತು 1/50 ಸೆಕೆಂಡಿನ ಶಟರ್ ಆರಿಸಿದರೆ ತಾಳ ಕೂಡುತ್ತದೆ. ಐಫೋನಿನಲ್ಲಿ ಕ್ಯಾಮೆರಾ ಸೆಟ್ಟಿಂಗಿನೊಳಗೆ ‘ಪ್ಯಾಲ್’ ರೂಪಗಳನ್ನು ತೋರಿಸುವ ಆಯ್ಕೆ ಒತ್ತಿದರೆ 25 ಫ್ರೇಮ್ ಕಾಣಿಸಿಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಪ್ರೊ ವಿಡಿಯೊ ಬಗೆಯ ವಿಧಾನವಿದ್ದರೆ ಅದರಲ್ಲಿ ನೋಡಿ. ಎಚ್‌ಡಿಆರ್, ಅಂದರೆ ಬೆಳಕು-ನೆರಳಿನ ಹೆಚ್ಚು ವ್ಯಾಪ್ತಿಯನ್ನು ಹಿಡಿಯುವ ಆಯ್ಕೆಯನ್ನು ಬಂದ್ ಮಾಡಿ. ಎಚ್‌ಡಿಆರ್ ವಿಡಿಯೊದಿಂದ ಸಾಮಾನ್ಯ ಫ್ರೇಮ್ ತೆಗೆದರೆ ಬಣ್ಣ ತೊಳೆದಂತೆ ಪೇಲವವಾಗುತ್ತದೆ. ಎಕ್ಸ್‌ಪೋಶರ್ (ಒಳಬರುವ ಬೆಳಕಿನ ಪ್ರಮಾಣ) ಮತ್ತು ಫೋಕಸ್ ಎರಡನ್ನೂ ಬೀಗ ಹಾಕಿದಂತೆ ಸ್ಥಿರಗೊಳಿಸಿ.

ತುಣುಕು ಈಗಾಗಲೇ ಕೈಯಲ್ಲಿದ್ದರೆ ಅದನ್ನು ಮೀಡಿಯಾಇನ್ಫೊದಲ್ಲಿ ತೆರೆದು ‘ಫ್ರೇಮ್ ರೇಟ್ ಮೋಡ್’ ಎಂಬ ಸಾಲನ್ನು ಓದಿ. ಫ್ರೇಮ್ ರೇಟ್ ಎಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ. ಅಲ್ಲಿ ‘ವೇರಿಯಬಲ್’ ಎಂದಿದ್ದರೆ ಫ್ರೇಮ್‌ಗಳ ನಡುವಿನ ಅಂತರ ಒಂದೇ ಸಮನಾಗಿಲ್ಲ ಎಂದರ್ಥ. ಫೋನಿನ ವಿಡಿಯೊಗಳಲ್ಲಿ ಇದು ಬಹಳ ಸಾಮಾನ್ಯ. ಇಂಥದ್ದನ್ನು ಹಾಗೆಯೇ ಬಿಡಿಸಿ ಜೋಡಿಸಿದರೆ ಶುರುವಿನಲ್ಲಿ ಸರಿಯಾಗಿದ್ದ ಚೆಂಡೆಯ ಪೆಟ್ಟು ಕೊನೆಯಲ್ಲಿ ಹೆಜ್ಜೆಗೆ ಕೂಡುವುದಿಲ್ಲ. ಹ್ಯಾಂಡ್‌ಬ್ರೇಕ್‌ನಲ್ಲಿ ವಿಡಿಯೊ ವಿಭಾಗಕ್ಕೆ ಹೋಗಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ, ಗುಣಮಟ್ಟದ ಅಂಕಿಯನ್ನು 16ರ ಸುಮಾರಿಗೆ ಇಳಿಸಿ (ಅಲ್ಲಿ ಅಂಕಿ ಕಡಿಮೆಯಾದಷ್ಟೂ ಗುಣ ಹೆಚ್ಚು), ಹೊಸ ಪ್ರತಿ ಮಾಡಿಕೊಳ್ಳಿ. ಆ ತಂತ್ರಾಂಶ ಕಪ್ಪು ಅಂಚನ್ನು ತಾನಾಗಿ ಕತ್ತರಿಸುವುದುಂಟು. ಕತ್ತಲೆಯ ರಂಗದ ದೃಶ್ಯದಲ್ಲಿ ಅದು ದೃಶ್ಯದ ಅಂಚನ್ನೇ ಕತ್ತರಿಸಬಹುದಾದ್ದರಿಂದ ‘ಕ್ರಾಪಿಂಗ್’ ಬೇಡವೆಂದು ಹೇಳಿಬಿಡಿ. ಹಳೆಯ ಕ್ಯಾಸೆಟ್ ಕ್ಯಾಮೆರಾದ ಮದುವೆ ವಿಡಿಯೊಗಳಲ್ಲಿ ಚಲಿಸುವ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಕಾಣುತ್ತಿದ್ದರೆ ‘ಡಿಇಂಟರ್‌ಲೇಸ್’ ಫಿಲ್ಟರನ್ನೂ ಇಲ್ಲಿಯೇ ಹಾಕಿ. ಆ ಗೆರೆಗಳ ಮೇಲೆ ತೈಲವರ್ಣದ ಎಫೆಕ್ಟ್ ಹಾಕಿದರೆ ಆಮೇಲೆ ಸರಿಪಡಿಸಲು ದಾರಿಯಿಲ್ಲ.

ಹಂತ 2: ಫೋಲ್ಡರ್‌ಗಳನ್ನು ಮಾಡಿ, ಫ್ರೇಮ್ ಬಿಡಿಸಿ

ಮೂರು ಫೋಲ್ಡರ್ ಮಾಡಿ: ಮೂಲ ಫ್ರೇಮ್‌ಗಳಿಗೆ ಒಂದು, ತಿದ್ದಿದವಕ್ಕೆ ಒಂದು, ಪರೀಕ್ಷೆಗೆ ಒಂದು. ಹೆಸರುಗಳು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ, ನಡುವೆ ಜಾಗ ಬಿಡದೆ ಇರಲಿ. ಕೆಲವು ಪ್ಲಗಿನ್‌ಗಳು, ಅಂದರೆ ತಂತ್ರಾಂಶಕ್ಕೆ ಹೊರಗಿನಿಂದ ಸೇರಿಸುವ ಸಣ್ಣ ಸೌಲಭ್ಯಗಳು, ಬೇರೆ ಲಿಪಿಯ ಹೆಸರನ್ನು ಓದಲಾರದೆ ಮುಗ್ಗರಿಸುತ್ತವೆ.

ಬ್ಲೆಂಡರ್ ತೆರೆದು ಹೊಸ ಫೈಲಿನ ಬಗೆಯಾಗಿ ‘ವಿಡಿಯೊ ಎಡಿಟಿಂಗ್’ ಆರಿಸಿ, ‘ಆಡ್’ ಮೆನುವಿನಿಂದ ‘ಮೂವಿ’ ಮೂಲಕ ತುಣುಕನ್ನು ತನ್ನಿ. ಈಗ ಬಲಗಡೆಯ ಔಟ್‌ಪುಟ್ ವಿಭಾಗದಲ್ಲಿ ನಾಲ್ಕು ವಿಷಯ ನೋಡಬೇಕು. ಅಗಲ-ಎತ್ತರ ನಿಮ್ಮ ತುಣುಕಿನದೇ ಆಗಿರಬೇಕು. ಫ್ರೇಮ್ ರೇಟ್ ತುಣುಕಿನದೇ ಆಗಿರಬೇಕು. ಬ್ಲೆಂಡರ್ ತಾನಾಗಿ ಇಡುವುದು 24, ನಮ್ಮದು 25. ಕೊನೆಯ ಫ್ರೇಮಿನ ಸಂಖ್ಯೆ ತುಣುಕಿನ ಉದ್ದಕ್ಕೆ ಹೊಂದಬೇಕು; ಅದು ಹುಟ್ಟಿನಿಂದ 250 ಎಂದಿರುತ್ತದೆ, ಹಾಗಾಗಿ ಉದ್ದದ ವಿಡಿಯೊ ಹತ್ತು ಸೆಕೆಂಡಿನ ಸುಮಾರಿಗೆ ತುಂಡಾದರೆ ಗಾಬರಿಪಡಬೇಡಿ, ಈ ಸಂಖ್ಯೆಯನ್ನು ನೋಡಿ. ನಾಲ್ಕನೆಯದು ಫೈಲಿನ ರೂಪ: ಪಿಎನ್‌ಜಿ. ಜೆಪೆಗ್ ಚಿಕ್ಕದಾದರೂ ಅದು ಚಿತ್ರವನ್ನು 8 ಪಿಕ್ಸೆಲ್ಲಿನ ಚೌಕಗಳಾಗಿ ಅದುಮುತ್ತದೆ, ಮತ್ತು ಅಂಚು ಹುಡುಕುವ ಎಫೆಕ್ಟ್‌ಗಳು ಆ ಚೌಕಗಳನ್ನೇ ಗೆರೆಯೆಂದು ತಿಳಿದು ಎತ್ತಿ ತೋರಿಸುತ್ತವೆ.

ಇವುಗಳಲ್ಲದೆ ರೆಂಡರ್ ವಿಭಾಗದ ಬಣ್ಣ ನಿರ್ವಹಣೆಯಲ್ಲಿ ‘ವ್ಯೂ ಟ್ರಾನ್ಸ್‌ಫಾರ್ಮ್’ ಎಂಬುದು ‘ಸ್ಟ್ಯಾಂಡರ್ಡ್’ ಆಗಿರಲೇಬೇಕು. ‘ಫಿಲ್ಮಿಕ್’ ಅಥವಾ ‘ಎಜಿಎಕ್ಸ್’ ಇದ್ದರೆ ಬ್ಲೆಂಡರ್ ನಿಮ್ಮ ಬಣ್ಣಗಳನ್ನು ಮೆತ್ತಗೆ ಬದಲಿಸುತ್ತದೆ, ಮತ್ತು ಮರಳಿ ಜೋಡಿಸುವಾಗ ಇನ್ನೊಮ್ಮೆ ಬದಲಿಸುತ್ತದೆ. ಎಲ್ಲ ಸರಿಯಿದ್ದರೆ ‘ರೆಂಡರ್ ಅನಿಮೇಷನ್’ ಒತ್ತಿ. ಫೋಲ್ಡರಿನಲ್ಲಿ 0001, 0002 ಎಂದು ಫೈಲುಗಳು ಸಾಲಾಗಿ ಬೀಳುತ್ತವೆ. ಮುಂದಿನ ಸೊನ್ನೆಗಳನ್ನು ಎಂದೂ ತೆಗೆಯಬೇಡಿ. ಅವಿಲ್ಲದಿದ್ದರೆ ಕೆಲವು ತಂತ್ರಾಂಶಗಳು 1 ಆದ ಮೇಲೆ 10ನ್ನೂ 100ನ್ನೂ ಜೋಡಿಸಿ ಆಮೇಲೆ 2ಕ್ಕೆ ಬರುತ್ತವೆ.

ಹಂತ 3: ಎಫೆಕ್ಟ್ ಇಲ್ಲದೆ ಒಮ್ಮೆ ಹೋಗಿಬನ್ನಿ

ಈ ಹಂತವನ್ನು ಬಹುತೇಕರು ಹಾರಿಸುತ್ತಾರೆ. ಬಿಡಿಸಿದ ಫ್ರೇಮ್‌ಗಳನ್ನು ಏನೂ ಮಾಡದೆ ಹಾಗೆಯೇ ಜೋಡಿಸಿ (ಕ್ರಮ ಹಂತ 6ರಲ್ಲಿದೆ), ಬಂದದ್ದನ್ನು ಮೂಲದ ಪಕ್ಕದಲ್ಲಿಟ್ಟು ನೋಡಿ. ಕಪ್ಪು ಬೂದಿಯಾಗಿದ್ದರೆ, ಕೆಂಪು ಮಂಕಾಗಿದ್ದರೆ, ಧ್ವನಿ ಹಿಂದೆ ಬಿದ್ದಿದ್ದರೆ ತಪ್ಪು ನಿಮ್ಮ ಸೆಟ್ಟಿಂಗಿನಲ್ಲಿದೆ, ಎಫೆಕ್ಟಿನಲ್ಲಲ್ಲ. ಈಗ ಕಂಡುಕೊಂಡರೆ ಹತ್ತು ನಿಮಿಷ ಹೋಗುತ್ತದೆ. ಎಫೆಕ್ಟ್ ಹಾಕಿದ ಮೇಲೆ ಕಂಡುಕೊಂಡರೆ ಒಂದು ರಾತ್ರಿ ಹೋಗುತ್ತದೆ.

ಹಂತ 4: ಎಫೆಕ್ಟನ್ನು ಆರಿಸಿ, ಎರಡು ಸೆಕೆಂಡಿನ ಮೇಲೆ ಪರೀಕ್ಷಿಸಿ

ಮಿಣುಕು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಎಫೆಕ್ಟನ್ನು ಹೆಸರು ನೋಡಿಯೇ ಅಳೆಯಬಹುದು. ಪ್ರತಿ ಪಿಕ್ಸೆಲನ್ನೂ ನೀವು ಕೊಟ್ಟ ಅಂಕಿಯಂತೆಯೇ ಬದಲಿಸುವ ಎಫೆಕ್ಟ್‌ಗಳು, ಅಂದರೆ ಕರ್ವ್ಸ್, ಬಣ್ಣದ ಬದಲಾವಣೆ, ಮಸುಕುಗೊಳಿಸುವಿಕೆ, ಮಿಣುಕುವುದಿಲ್ಲ. ಚಿತ್ರವನ್ನು ತಾವೇ ನೋಡಿ ತಾವೇ ತೀರ್ಮಾನಿಸುವ ಎಫೆಕ್ಟ್‌ಗಳು ಮಿಣುಕುತ್ತವೆ. ‘ಆಟೊ ಟೋನ್’ ಒಂದು ಒಳ್ಳೆಯ ಉದಾಹರಣೆ. ಅದು ಫ್ರೇಮಿನ ಅತಿ ಕಪ್ಪನ್ನೂ ಅತಿ ಬಿಳುಪನ್ನೂ ಹುಡುಕಿ ಉಳಿದುದನ್ನು ಅದಕ್ಕೆ ಹೊಂದಿಸುತ್ತದೆ. ವೇಷಧಾರಿ ತಿರುಗಿದಾಗ ಭುಜಕೀರ್ತಿಯಲ್ಲಿ ದೀಪ ಫಳಕ್ಕೆಂದರೆ ಆ ಫ್ರೇಮಿನ ಅತಿ ಬಿಳುಪೇ ಬೇರೆಯಾಯಿತು. ಅದರ ಜೊತೆಗೆ ಅಲುಗಾಡದೆ ನಿಂತ ಹಿಂದಿನ ಪರದೆಯ ಬಣ್ಣವೂ ಬದಲಾಗುತ್ತದೆ. ಆದುದರಿಂದ ಹೆಸರಿನಲ್ಲಿ ‘ಆಟೊ’ ಎಂದಿರುವ ಯಾವುದನ್ನೂ ಬಳಸಬೇಡಿ. ಅದು ಮಾಡುವ ಕೆಲಸವನ್ನು ಒಂದು ಫ್ರೇಮಿನ ಮೇಲೆ ನೋಡಿ, ಅದೇ ಬಣ್ಣ ಬರುವಂತೆ ಲೆವೆಲ್ಸ್‌ನಲ್ಲಿ ಅಂಕಿಗಳನ್ನು ಕೈಯಾರೆ ಹೊಂದಿಸಿ, ಆ ಅಂಕಿಗಳನ್ನೇ ಎಲ್ಲಕ್ಕೂ ಕೊಡಿ.

ತೈಲವರ್ಣ, ಜಲವರ್ಣ, ರೇಖಾಚಿತ್ರದ ಎಫೆಕ್ಟ್‌ಗಳೂ ಈ ಎರಡನೆಯ ಗುಂಪಿನವೇ. ಕುಂಚದ ಗೆರೆ ಯಾವ ದಿಕ್ಕಿಗೆ ಎಳೆಯಬೇಕೆಂದು ಅವು ಸುತ್ತಲ ಪಿಕ್ಸೆಲ್‌ಗಳನ್ನು ನೋಡಿ ನಿರ್ಧರಿಸುತ್ತವೆ. ರಾತ್ರಿ ತೆಗೆದ ಫೋನಿನ ವಿಡಿಯೊದಲ್ಲಿ ಪ್ರತಿ ಫ್ರೇಮಿನಲ್ಲೂ ಮರಳು ಚೆಲ್ಲಿದಂತೆ ಬೇರೆಬೇರೆ ನಾಯ್ಸ್, ಅಂದರೆ ಚುಕ್ಕೆಗದ್ದಲ, ಇರುತ್ತದೆ; ಎಫೆಕ್ಟ್ ಅದನ್ನೂ ಚಿತ್ರವೆಂದು ನಂಬಿ ಗೆರೆ ಎಳೆಯುತ್ತದೆ, ಮುಂದಿನ ಫ್ರೇಮಿನಲ್ಲಿ ಬೇರೆ ಕಡೆ ಎಳೆಯುತ್ತದೆ. ಹಾಗಾಗಿ ಕತ್ತಲೆಯ ಭಾಗವೆಲ್ಲ ಹುಳು ಹರಿದಂತೆ ಕಾಣುತ್ತದೆ. ಇದಕ್ಕೆ ನಾಲ್ಕು ಉಪಾಯಗಳಿವೆ, ನನ್ನ ಅನುಭವದಲ್ಲಿ ಉಪಯೋಗವಾಗುವ ಕ್ರಮದಲ್ಲಿ ಹೇಳುತ್ತೇನೆ.

ಮೊದಲನೆಯದು, ಎಫೆಕ್ಟಿಗೆ ಮುಂಚೆ ನಾಯ್ಸ್ ತೆಗೆಯುವುದು. ಇದನ್ನು ವಿಡಿಯೊ ಹಂತದಲ್ಲೇ, ಹ್ಯಾಂಡ್‌ಬ್ರೇಕ್‌ನ ‘ಡಿನಾಯ್ಸ್’ ಫಿಲ್ಟರಿನಿಂದ ಮಾಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ವಿಡಿಯೊಗೆಂದು ಮಾಡಿದ ಇಂಥ ಫಿಲ್ಟರು ಅಕ್ಕಪಕ್ಕದ ಫ್ರೇಮ್‌ಗಳನ್ನೂ ನೋಡಬಲ್ಲದು. ಫೋಟೋ ತಂತ್ರಾಂಶಕ್ಕೆ ಆ ಅರಿವಿಲ್ಲ. ಎರಡನೆಯದು, ಕುಂಚದ ಗಾತ್ರವನ್ನು ದೊಡ್ಡದು ಮಾಡಿ ಹೊಳಪನ್ನು ತಗ್ಗಿಸುವುದು. ಫೋಟೋಶಾಪ್‌ನ ‘ಆಯಿಲ್ ಪೇಂಟ್’ ಫಿಲ್ಟರಿನಲ್ಲಿ ‘ಶೈನ್’ ಎಂಬ ಅಂಕಿಯನ್ನು ಇಳಿಸಿದಷ್ಟೂ ಗೆರೆಗಳ ಮೇಲಿನ ಬೆಳಕಿನ ಕುಣಿತ ಕಡಿಮೆಯಾಗುತ್ತದೆ. ಮೂರನೆಯದು, ಮೂಲ ಚಿತ್ರವನ್ನು ಕೆಳಗಿಟ್ಟು ಎಫೆಕ್ಟಿನ ಪದರದ ‘ಒಪ್ಯಾಸಿಟಿ’ಯನ್ನು, ಅಂದರೆ ಆ ಪದರ ಎಷ್ಟು ಗಟ್ಟಿಯಾಗಿ ಕಾಣಬೇಕೆಂಬ ಅಳತೆಯನ್ನು, ಶೇ 50ರಿಂದ 70ರವರೆಗೆ ಇಡುವುದು, ಸ್ಥಿರವಾದ ಮೂಲವು ನಡುಕವನ್ನು ಹಿಡಿದಿಡುತ್ತದೆ.

ನಾಲ್ಕನೆಯ ಉಪಾಯ ಅನಿಮೇಷನ್ ಕಲಾವಿದರದು. ಕೈಯಲ್ಲಿ ಬರೆಯುವ ಅನಿಮೇಷನ್‌ನಲ್ಲಿ ಸೆಕೆಂಡಿನ 24 ಫ್ರೇಮಿಗೆ 12 ಚಿತ್ರಗಳನ್ನಷ್ಟೇ ಬರೆದು ಒಂದೊಂದನ್ನೂ ಎರಡು ಫ್ರೇಮ್ ನಿಲ್ಲಿಸುವ ಪದ್ಧತಿ ಬಹಳ ಹಳೆಯದು. ನೀವೂ ಒಂದು ಬಿಟ್ಟು ಒಂದು ಫ್ರೇಮನ್ನು ಮಾತ್ರ ತೆಗೆಯಬಹುದು: ಬ್ಲೆಂಡರ್‌ನಲ್ಲಿ ಕೊನೆಯ ಫ್ರೇಮಿನ ಸಂಖ್ಯೆಯ ಕೆಳಗೆ ‘ಸ್ಟೆಪ್’ ಎಂಬಲ್ಲಿ 2 ಎಂದು ಕೊಡಿ. ಮಿಣುಕು ಅರ್ಧಕ್ಕಿಳಿಯುತ್ತದೆ, ಕೆಲಸವೂ ಅರ್ಧವಾಗುತ್ತದೆ, ಮತ್ತು ಉಳಿದ ನಡುಕ ಕೈಯಲ್ಲಿ ಬರೆದ ಚಿತ್ರದ ಗುಣದಂತೆ ಕಾಣುತ್ತದೆ. ತೈಲವರ್ಣಕ್ಕೆ ಇದು ನನಗೆ ತುಂಬ ಹಿಡಿಸಿದ ದಾರಿ.

ಫಿಲ್ಮಿನ ಗ್ರೇನ್, ಅಂದರೆ ಹಳೆಯ ಫಿಲ್ಮಿನಲ್ಲಿ ಕಾಣುವ ಸಣ್ಣ ಕಣಗಳ ಎಫೆಕ್ಟ್, ಇದಕ್ಕೆ ವಿರುದ್ಧ. ಅದು ಪ್ರತಿ ಫ್ರೇಮಿನಲ್ಲೂ ಬದಲಾಗಬೇಕು. ಎಲ್ಲ ಫ್ರೇಮಿನಲ್ಲೂ ಒಂದೇ ಜಾಗದಲ್ಲಿ ಕೂತರೆ ಧೂಳು ಹಿಡಿದ ಗಾಜಿನ ಹಿಂದೆ ಆಟ ನಡೆಯುತ್ತಿರುವಂತೆ ತೋರುತ್ತದೆ. ಗ್ರೇನನ್ನು ಕೊನೆಯಲ್ಲಿ, ವಿಡಿಯೊ ಸಂಪಾದಕದಲ್ಲಿಯೇ ಸೇರಿಸಿ.

ಪರೀಕ್ಷೆಗೆ ಅತಿ ಹೆಚ್ಚು ಚಲನೆಯಿರುವ 50 ಫ್ರೇಮ್‌ಗಳನ್ನು ಆರಿಸಿ, ಅವುಗಳಿಗೆ ಎಫೆಕ್ಟ್ ಹಾಕಿ, ಜೋಡಿಸಿ, ಮತ್ತೆ ಮತ್ತೆ ಓಡಿಸಿ ನೋಡಿ. ಒಂಟಿ ಫ್ರೇಮ್ ನೋಡಿ ಒಪ್ಪಬೇಡಿ. ದೊಡ್ಡ ಪರದೆಯಲ್ಲಿ ನೋಡಿ. ಫೋನಿನ ಚಿಕ್ಕ ಪರದೆ ಮಿಣುಕನ್ನು ಮುಚ್ಚುತ್ತದೆ.

ಹಂತ 5: ಎಲ್ಲ ಫ್ರೇಮಿಗೂ ಒಟ್ಟಿಗೆ ಎಫೆಕ್ಟ್ ಹಾಕಿ

ಫೋಟೋಶಾಪ್‌ನಲ್ಲಿ ಇದಕ್ಕೆ ‘ಆ್ಯಕ್ಷನ್’ ಬೇಕು. ನೀವು ಮಾಡುವ ಹೆಜ್ಜೆಗಳನ್ನು ತಂತ್ರಾಂಶ ನೆನಪಿಟ್ಟುಕೊಂಡು ಮರಳಿ ಮಾಡುವ ವ್ಯವಸ್ಥೆ ಇದು. ಒಂದು ಫ್ರೇಮನ್ನು ತೆರೆದು, ಆ್ಯಕ್ಷನ್ ಫಲಕದಲ್ಲಿ ಹೊಸದನ್ನು ಸೃಷ್ಟಿಸಿ, ದಾಖಲೆ ಶುರುಮಾಡಿ: ಪದರದ ನಕಲು, ಅದರ ಮೇಲೆ ಫಿಲ್ಟರ್, ಒಪ್ಯಾಸಿಟಿ, ಆಮೇಲೆ ‘ಫ್ಲ್ಯಾಟನ್ ಇಮೇಜ್’, ಕೊನೆಗೆ ‘ಸೇವ್ ಆ್ಯಸ್’ ಮೂಲಕ ಪಿಎನ್‌ಜಿ ಆಗಿ ಎರಡನೆಯ ಫೋಲ್ಡರಿನಲ್ಲಿ ಉಳಿಸುವುದು. ಪದರಗಳನ್ನು ಒಂದಾಗಿಸುವ ಹೆಜ್ಜೆ ಬಿಟ್ಟರೆ ಹೊಸ ಆವೃತ್ತಿಗಳಲ್ಲಿ ‘ಸೇವ್ ಆ್ಯಸ್’ ಪಟ್ಟಿಯಲ್ಲಿ ಪಿಎನ್‌ಜಿಯೇ ಕಾಣುವುದಿಲ್ಲ. ದಾಖಲೆ ನಿಲ್ಲಿಸಿ.

ಆಮೇಲೆ ‘ಫೈಲ್’ ಮೆನುವಿನ ‘ಆಟೊಮೇಟ್’ ಒಳಗೆ ‘ಬ್ಯಾಚ್’ ತೆರೆಯಿರಿ. ಮೂಲ ಫೋಲ್ಡರನ್ನೂ ಗುರಿ ಫೋಲ್ಡರನ್ನೂ ತೋರಿಸಿ. ಗುರಿಯಲ್ಲಿ ‘ಸೇವ್ ಆ್ಯಂಡ್ ಕ್ಲೋಸ್’ ಆರಿಸಿದರೆ ಮೂಲ ಫ್ರೇಮ್‌ಗಳ ಮೇಲೆಯೇ ಬರೆದುಬಿಡುವ ಅಪಾಯವಿದೆ, ‘ಫೋಲ್ಡರ್’ ಎಂದೇ ಇರಲಿ. ಅದರ ಕೆಳಗೆ ಆ್ಯಕ್ಷನ್‌ನಲ್ಲಿರುವ ‘ಸೇವ್ ಆ್ಯಸ್’ ಆಜ್ಞೆಯನ್ನು ಮೀರುವ ‘ಓವರ್‌ರೈಡ್’ ಗುರುತನ್ನು ಹಾಕಲೇಬೇಕು. ಹಾಕದಿದ್ದರೆ 250 ಫ್ರೇಮ್‌ಗಳೂ ಒಂದೇ ಹೆಸರಿನಲ್ಲಿ ಒಂದರ ಮೇಲೊಂದು ಉಳಿದು, ಕೊನೆಗೆ ಫೋಲ್ಡರಿನಲ್ಲಿ ಒಂದೇ ಒಂದು ಚಿತ್ರ ಇರುತ್ತದೆ. ಫೈಲಿನ ಹೆಸರು ಬದಲಾಗದಿರಲಿ.

ಜಿಂಪ್ ಬಳಸುವವರಿಗೆ ಬ್ಯಾಚ್ ಸೌಲಭ್ಯ ಮೆನುವಿನಲ್ಲಿ ತಾನಾಗಿ ಸಿಗುವುದಿಲ್ಲ. ‘ಬಿಂಪ್’ ಎಂಬ ಪ್ಲಗಿನ್ ಸೇರಿಸಬೇಕು. ಅದು ಜಿಂಪ್ 2.10 ಸರಣಿಗೆ ಬರೆದದ್ದು, ಮತ್ತು 3.0ರಲ್ಲಿ ಪ್ಲಗಿನ್ ವ್ಯವಸ್ಥೆಯೇ ಬದಲಾಗಿರುವುದರಿಂದ ಹಳೆಯವು ಹಾಗೆಯೇ ನಡೆಯುವುದಿಲ್ಲ ಎಂಬುದನ್ನು ಗಮನದಲ್ಲಿಡಿ. ಸರಳ ಎಫೆಕ್ಟ್‌ಗಳಿಗೆ ಎಕ್ಸ್‌ಎನ್‌ಕನ್ವರ್ಟ್ ಎಲ್ಲಕ್ಕಿಂತ ಸುಲಭ: ಫೋಲ್ಡರ್ ಕೊಡಿ, ಎಫೆಕ್ಟ್ ಸೇರಿಸಿ, ಓಡಿಸಿ.

ಮುಗಿದ ಮೇಲೆ ಎರಡೂ ಫೋಲ್ಡರಿನ ಫೈಲುಗಳ ಸಂಖ್ಯೆ ಒಂದೇ ಇದೆಯೆ ನೋಡಿ. ಅಗಲ-ಎತ್ತರ ಸಮಸಂಖ್ಯೆಗಳಾಗಿಯೇ ಉಳಿದಿವೆಯೆ ಎಂದೂ ನೋಡಿ; ಕತ್ತರಿಸುವಾಗ 1079 ಎಂದೇನಾದರೂ ಆದರೆ ಸಾಮಾನ್ಯ ಎಚ್.264 ರೂಪದ ವಿಡಿಯೊ ಅದನ್ನು ಒಪ್ಪುವುದಿಲ್ಲ.

ಹಂತ 6: ಮರಳಿ ಜೋಡಿಸಿ, ಧ್ವನಿ ಸೇರಿಸಿ

ಬ್ಲೆಂಡರ್‌ನಲ್ಲಿ ಹೊಸ ವಿಡಿಯೊ ಫೈಲ್ ತೆರೆದು ಮೊದಲು ಫ್ರೇಮ್ ರೇಟ್ ಸರಿಮಾಡಿ, ಆಮೇಲೆ ಚಿತ್ರಗಳನ್ನು ತನ್ನಿ. ಒಂದು ಬಿಟ್ಟು ಒಂದು ತೆಗೆದವರು 12.5 ಇಡಬೇಕು, ‘ಕಸ್ಟಮ್’ ಆರಿಸಿ ಫ್ರೇಮ್ 25, ‘ಬೇಸ್’ 2 ಎಂದು ಕೊಟ್ಟರೆ ಅದಾಗುತ್ತದೆ. ಈ ಅಂಕಿ ತಪ್ಪಿದರೆ ಆಗುವ ನಷ್ಟ ಚಿಕ್ಕದಲ್ಲ: 25ರಲ್ಲಿ ತೆಗೆದ ನಾಲ್ಕು ನಿಮಿಷದ ಹಾಡನ್ನು 24ರಲ್ಲಿ ಜೋಡಿಸಿದರೆ ಚಿತ್ರ ಹತ್ತು ಸೆಕೆಂಡ್ ಉದ್ದವಾಗುತ್ತದೆ. 29.97 ಮತ್ತು 30 ಎರಡೂ ಒಂದೇ ಎಂದು ತಿಳಿಯುವುದೂ ತಪ್ಪು; ಹತ್ತು ನಿಮಿಷದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಅಂತರ ಬೀಳುತ್ತದೆ.

‘ಆಡ್’ ಮೆನುವಿನ ‘ಇಮೇಜ್ ಸೀಕ್ವೆನ್ಸ್’ ಮೂಲಕ ಎರಡನೆಯ ಫೋಲ್ಡರಿನ ಎಲ್ಲ ಫೈಲುಗಳನ್ನೂ ಒಟ್ಟಿಗೆ ಆರಿಸಿ ತನ್ನಿ. ಧ್ವನಿಯನ್ನು ‘ಸೌಂಡ್’ ಮೂಲಕ ಹಂತ 1ರ ತುಣುಕಿನಿಂದಲೇ ತನ್ನಿ, ಎರಡೂ ಮೊದಲ ಫ್ರೇಮಿನಿಂದ ಶುರುವಾಗಲಿ. ‘ಸ್ಟೆಪ್’ 1ಕ್ಕೆ ಮರಳಿರಲಿ, ಕೊನೆಯ ಫ್ರೇಮಿನ ಸಂಖ್ಯೆ ಸರಿಯಿರಲಿ, ‘ವ್ಯೂ ಟ್ರಾನ್ಸ್‌ಫಾರ್ಮ್’ ಇಲ್ಲಿಯೂ ‘ಸ್ಟ್ಯಾಂಡರ್ಡ್’ ಇರಲಿ. ಫೈಲಿನ ರೂಪವಾಗಿ ವಿಡಿಯೊ, ಪೆಟ್ಟಿಗೆಯಾಗಿ ಎಂಪಿ4, ಸಂಕೇತವಾಗಿ ಎಚ್.264 ಆರಿಸಿ. ಧ್ವನಿಯ ಜಾಗದಲ್ಲಿ ತಾನಾಗಿ ‘ನೋ ಆಡಿಯೊ’ ಎಂದಿರಬಹುದು. ಅದನ್ನು ‘ಎಎಸಿ’ಗೆ ಬದಲಿಸದಿದ್ದರೆ ಭಾಗವತರು ಬಾಯಿ ತೆರೆದರೂ ಹಾಡು ಕೇಳಿಸದ ವಿಡಿಯೊ ಬರುತ್ತದೆ. ಕುಂಚದ ಗೆರೆಗಳಂಥ ಸೂಕ್ಷ್ಮ ವಿವರ ಹೆಚ್ಚಿರುವುದರಿಂದ ಗುಣಮಟ್ಟದ ಆಯ್ಕೆಯನ್ನು ಮಧ್ಯಮಕ್ಕಿಂತ ಮೇಲೆಯೇ ಇಡಿ.

ಹಂತ 7: ತಪ್ಪಿದ ಫ್ರೇಮ್‌ಗಳನ್ನಷ್ಟೇ ಸರಿಪಡಿಸಿ

ಬಂದ ವಿಡಿಯೊವನ್ನು ನಿಧಾನವಾಗಿ ನೋಡಿ, ಎಲ್ಲಿ ಕಣ್ಣಿಗೆ ಹೊಡೆಯುತ್ತದೋ ಆ ಫ್ರೇಮಿನ ಸಂಖ್ಯೆ ಬರೆದುಕೊಳ್ಳಿ. ಒಂದೆರಡು ಫ್ರೇಮ್ ಮಾತ್ರ ಕೆಟ್ಟಿದ್ದರೆ ಅದರ ಹಿಂದಿನ ತಿದ್ದಿದ ಫ್ರೇಮನ್ನು ನಕಲಿಸಿ ಕೆಟ್ಟದ್ದರ ಹೆಸರು ಕೊಟ್ಟರೆ ಸಾಕು, ಓಟದಲ್ಲಿ ಗೊತ್ತಾಗುವುದಿಲ್ಲ. ಹತ್ತಿಪ್ಪತ್ತು ಫ್ರೇಮ್ ಕೆಟ್ಟಿದ್ದರೆ ಅಷ್ಟನ್ನೇ ಬೇರೆ ಫೋಲ್ಡರಿಗೆ ಹಾಕಿ, ಒಪ್ಯಾಸಿಟಿ ಇಳಿಸಿದ ಆ್ಯಕ್ಷನ್ ಓಡಿಸಿ, ಅದೇ ಹೆಸರಿನಲ್ಲಿ ಮರಳಿ ಇಡಿ. ಒಪ್ಯಾಸಿಟಿಯನ್ನು ಒಮ್ಮೆಗೇ ಇಳಿಸದೆ ಆ ತುದಿ ಈ ತುದಿಯ ಐದಾರು ಫ್ರೇಮ್‌ಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಏರಿಸಿದರೆ ಜೋಡಣೆ ಕಾಣುವುದಿಲ್ಲ. ಬ್ಲೆಂಡರ್ ಫೈಲನ್ನು ಉಳಿಸಿಟ್ಟಿದ್ದರೆ ಮತ್ತೆ ತೆರೆದು ರೆಂಡರ್ ಒತ್ತುವುದಷ್ಟೇ ಉಳಿಯುತ್ತದೆ.

ಜಾಗ ಬಿಡಿಸಿಕೊಳ್ಳಬೇಕಾದಾಗ ಮೂಲ ಫ್ರೇಮ್‌ಗಳ ಫೋಲ್ಡರನ್ನು ಅಳಿಸಬಹುದು, ಅದನ್ನು ಯಾವಾಗ ಬೇಕಾದರೂ ಮತ್ತೆ ಬಿಡಿಸಿಕೊಳ್ಳಬಹುದು. ತಿದ್ದಿದ ಫ್ರೇಮ್‌ಗಳನ್ನು ವಿಡಿಯೊ ಎಲ್ಲರ ಕೈ ಸೇರುವವರೆಗೆ ಇಟ್ಟುಕೊಳ್ಳಿ. ಹಂತ 1ರ ತುಣುಕು, ಆ್ಯಕ್ಷನ್ ಫೈಲು ಮತ್ತು ನೀವು ಕೊಟ್ಟ ಅಂಕಿಗಳನ್ನು ಬರೆದಿಟ್ಟ ಒಂದು ಚಿಕ್ಕ ಟಿಪ್ಪಣಿ, ಈ ಮೂರನ್ನು ಮಾತ್ರ ಅಳಿಸಬೇಡಿ. ಅದೇ ರಾತ್ರಿಯ ಇನ್ನೊಂದು ತುಣುಕನ್ನು ಇದರ ಪಕ್ಕದಲ್ಲಿ ಸೇರಿಸಬೇಕಾದಾಗ ಎರಡರ ಬಣ್ಣವೂ ಗೆರೆಯೂ ಹೊಂದಬೇಕಾದರೆ ಅವೇ ಬೇಕಾಗುತ್ತವೆ.